ಚೇಳಿನ ಬಾಲ ಹಿಡಿದು ನಾಲ್ಕು ತಾಲ್ಲೂಕು

ಮೈಸೂರಿನಿಂದ ಹೊರಟ ಪ್ಯಾಸೆಂಜರ್ ರೈಲು ರಾಮನಗರ ಮುಟ್ಟುವಷ್ಟರಲ್ಲಿ ನನ್ನ ತಾಳ್ಮೆ ಅರ್ಧ ಖರ್ಚಾಗಿತ್ತು. ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕೆಂದು ಮದ್ದೂರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರು. ಆ ಅರ್ಧ ಗಂಟೆಯೂ ಎದುರು ಸೀಟಿನ ಗಂಡಸು ನನ್ನ ಕೊರಳಿನ ದುರ್ಬೀನನ್ನೇ ನೋಡುತ್ತ ಎರಡು ವಡೆ ಮುಗಿಸಿ, ಕೈ ಒರೆಸಿಕೊಂಡು, "ರೇಸ್‌ಗಾ ಮೇಡಂ?" ಎಂದು ಕೇಳಿಯೇಬಿಟ್ಟ. ನಕ್ಷತ್ರ ನೋಡಲಿಕ್ಕೆ ಎಂದೆ. "ಹಗಲೊತ್ನಲ್ಲಾ?" ಎಂದ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಲು ಈಗ ಸಂಬಳ ಬರುವುದಿಲ್ಲವಲ್ಲ, ಸುಮ್ಮನೆ ಕಿಟಕಿಯ ಕಡೆ ತಿರುಗಿ ಕೂತೆ.

ನನ್ನನ್ನು ಕರೆಸಿಕೊಂಡವನು ನನ್ನ ಅಣ್ಣ ಶಿವಲಿಂಗಣ್ಣ. ರಾಮನಗರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಒಬ್ಬಳೇ ಮಗಳು ಪವಿತ್ರ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅದೇ ಕಾರ್ಖಾನೆಯ ಮಂಜುನಾಥನನ್ನು ಮದುವೆಯಾಗುತ್ತೇನೆ ಎಂದಿದ್ದಾಳೆ. ಹುಡುಗ ಒಪ್ಪಿದ್ದಾನೆ, ಎರಡೂ ಮನೆಯವರು ಒಪ್ಪಿದ್ದಾರೆ, ಜಾತಿ, ಕುಲ, ಎತ್ತರ, ಬಣ್ಣ ಎಲ್ಲವೂ ಸರಿಹೋಗಿದೆ. ಸರಿಹೋಗದೆ ಉಳಿದದ್ದು ಒಂದೇ. ಹುಡುಗಿಯದು ಮೂಲಾ ನಕ್ಷತ್ರ.

ಆಶ್ಲೇಷ ಅತ್ತೆಗಾಗದು, ಮೂಲಾ ಮಾವನಿಗಾಗದು, ಜ್ಯೇಷ್ಠಾ ಭಾವನಿಗಾಗದು ಎಂದು ನಮ್ಮಲ್ಲಿ ಹೇಳುತ್ತಾರೆ. ಅಂದರೆ ಮೂಲಾ ನಕ್ಷತ್ರದ ಹೆಣ್ಣು ಸೊಸೆಯಾಗಿ ಬಂದರೆ ಆ ಮನೆಯ ಮಾವ ಉಳಿಯುವುದಿಲ್ಲ. ಇಲ್ಲಿ ಆ ಮಾವ, ಹುಡುಗನ ತಂದೆ, ಕನಕಪುರ ತಾಲ್ಲೂಕು ಕೋಡಿಹಳ್ಳಿಯ ಮರಿಮಾದಪ್ಪನವರು. ಅವರಿಗೆ ಉಳಿಯುವ ಆಸೆ ಇತ್ತು. ಅದು ತಪ್ಪೆಂದು ನಾನು ಹೇಳುವುದಿಲ್ಲ.

ಜಾತಕದಲ್ಲಿ ಪವಿತ್ರ ಹುಟ್ಟಿದ ಹೊತ್ತು ರಾತ್ರಿ ಏಳು ಐವತ್ತು. ಆ ದಿನದ ಪಂಚಾಂಗದಲ್ಲಿ ಜ್ಯೇಷ್ಠಾ ಏಳು ನಲವತ್ತೆರಡರವರೆಗೆ, ಆಮೇಲೆ ಮೂಲಾ. ಎಂಟೇ ಎಂಟು ನಿಮಿಷದ ವ್ಯತ್ಯಾಸ. ಜ್ಯೇಷ್ಠಾ ಆಗಿದ್ದರೆ ಗಂಡನ ಅಣ್ಣನಿಗೆ, ಎಂದರೆ ಭಾವನಿಗೆ ಕೇಡು. ಮಂಜುನಾಥನೇ ಮನೆಯ ಹಿರಿಮಗ, ಭಾವ ಎಂಬುವವನೇ ಇಲ್ಲ. ಹುಟ್ಟಿದ ಹೊತ್ತು ಜ್ಯೇಷ್ಠಾ ಎಂದು ಸಾಬೀತು ಮಾಡಿದರೆ ಆಷಾಢಕ್ಕೆ ಮುಂಚೆ ಎಲೆ ಅಡಿಕೆ ಬದಲಾಯಿಸೋಣ, ಇಲ್ಲದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ ಎಂದು ಮರಿಮಾದಪ್ಪ ಹೇಳಿ ಕಳಿಸಿದ್ದರು. ಆಷಾಢಕ್ಕೆ ಒಂದೇ ವಾರ ಉಳಿದಿತ್ತು. ಅಷ್ಟರಲ್ಲಿ ಮದುವೆ ದಲ್ಲಾಳಿಯೊಬ್ಬ ಅಣ್ಣನಿಗೆ ಮಾವನಿಲ್ಲದ ಮನೆಗಳ ಪಟ್ಟಿಯನ್ನೇ ತಂದು ಕೊಟ್ಟಿದ್ದ. ತಂದೆ ಸತ್ತ ಗಂಡುಗಳನ್ನು ಹುಡುಕಿ ಪಟ್ಟಿ ಮಾಡುವ ಉದ್ಯೋಗವೂ ಈ ಲೋಕದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. "ಅತ್ತೆ, ಮಂಜು ಮನೆ ಬಿಟ್ರೆ ನಾನು ಬೇರೆ ಯಾರ ಮನೆ ಹೊಸ್ತಿಲೂ ತುಳಿಯಲ್ಲ. ನೀವು ಅಪ್ಪನ ಜೊತೆ ಹೋಗಿ" ಎಂದು ಪವಿತ್ರ ಫೋನಿನಲ್ಲಿ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದೆ.

ನಾನು ಹೊರಟದ್ದಕ್ಕೆ ಸ್ವಾರ್ಥವೂ ಇತ್ತು, ಮುಚ್ಚಿಡುವುದಿಲ್ಲ. ಜೂನ್ ತಿಂಗಳ ಸಂಜೆ ದಕ್ಷಿಣದ ಆಕಾಶದಲ್ಲಿ ವೃಶ್ಚಿಕ ರಾಶಿ ಏಳುತ್ತದೆ. ಆಕಾಶದಲ್ಲಿ ಹೆಸರಿಗೆ ತಕ್ಕ ಆಕಾರ ಇರುವ ರಾಶಿಗಳೇ ಕಡಿಮೆ. ಮೇಷವನ್ನು ಕುರಿ ಎಂದು ನಂಬಿಸಲು ಮೂವತ್ತೆರಡು ವರ್ಷ ಮಕ್ಕಳ ಮುಂದೆ ಹೆಣಗಿದ್ದೇನೆ. ಚೇಳಿಗೆ ಆ ಕಷ್ಟವಿಲ್ಲ, ತೋರಿಸಿದ ಕೂಡಲೇ ಚೇಳು ಎನ್ನುತ್ತಾರೆ. ಮೈಸೂರಿನಲ್ಲಿ ನನ್ನ ಮನೆಯ ತಾರಸಿಯಿಂದ ಅದರ ತಲೆ, ಎದೆ ಕಾಣುತ್ತವೆ. ಬಾಲ ಎದುರಿನ ಅಪಾರ್ಟ್‌ಮೆಂಟಿನ ದೀಪಗಳಲ್ಲಿ ಮುಳುಗಿಹೋಗುತ್ತದೆ. ಕೋಡಿಹಳ್ಳಿ ಕಡೆ ಇನ್ನೂ ಕತ್ತಲೆ ಉಳಿದಿದೆ ಎಂದು ಅಣ್ಣ ಆಸೆ ತೋರಿಸಿದ. ಚೇಳಿನ ಎದೆಯ ಕೆಂಪು ಚುಕ್ಕೆಯೇ ಜ್ಯೇಷ್ಠಾ. ಪಂಚಾಂಗದವರು ಮೂಲಾವನ್ನು ಧನು ರಾಶಿಗೆ ಸೇರಿಸಿಕೊಂಡಿದ್ದರೂ ಆಕಾಶದಲ್ಲಿ ಅದು ಇರುವುದು ಚೇಳಿನ ಬಾಲದಲ್ಲಿ. ನನ್ನ ಆಸೆ ಆ ಬಾಲವನ್ನು ಕಣ್ಣಾರೆ ನೋಡುವುದು, ಅಣ್ಣನ ಆಸೆ ಅದೇ ಬಾಲದಿಂದ ಮಗಳನ್ನು ಬಿಡಿಸುವುದು.

ರಾಮನಗರ ಸ್ಟೇಷನ್ನಿನಲ್ಲಿ ಅಣ್ಣ ಒಂದು ಪ್ಲಾಸ್ಟಿಕ್ ಫೈಲು ಅವುಚಿಕೊಂಡು ಕಾಯುತ್ತಿದ್ದ. ಮನೆಗೆ ಹೋಗಿ ಕಾಫಿ ಕುಡಿಯುವುದಕ್ಕೂ ಬಿಡದೆ ನೇರ ಬಸ್ ನಿಲ್ದಾಣಕ್ಕೆ ನಡೆಸಿದ. ಪವಿತ್ರ ಹುಟ್ಟಿದ್ದು ಚನ್ನಪಟ್ಟಣದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಜನನ ಪ್ರಮಾಣಪತ್ರದಲ್ಲಿ ತಾರೀಕಿದೆ, ಹೊತ್ತಿಲ್ಲ. ಹೊತ್ತು ಬೇಕಾದರೆ ಆಸ್ಪತ್ರೆಯ ರಿಜಿಸ್ಟರೇ ಸಿಗಬೇಕು. ರಾಮನಗರದಿಂದ ಚನ್ನಪಟ್ಟಣ ಹನ್ನೆರಡು ಕಿಲೋಮೀಟರ್. ಜಿಲ್ಲೆಯ ಹೆಸರು ಬದಲಾಗಿದೆಯಂತೆ, ಬಸ್ಸಿನ ಸೀಟು ಬದಲಾಗಿಲ್ಲ. ನಾನು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ತೆಗೆದುಕೊಂಡೆ. ಅಣ್ಣ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಅಷ್ಟೂ ದೂರ ನಿಂತೇ ಬಂದ. ಇಡೀ ಪ್ರವಾಸದಲ್ಲಿ ನನಗೆ ಸಮಾಧಾನ ಕೊಟ್ಟ ಮೊದಲ ಸಂಗತಿ ಅದು.

ನರ್ಸಿಂಗ್ ಹೋಮ್ ಮುಚ್ಚಿ ವರ್ಷಗಳಾಗಿತ್ತು. ಆ ಜಾಗದಲ್ಲಿ ಮೊಬೈಲ್ ಅಂಗಡಿ. ವಿಚಾರಿಸಿದಾಗ, ಅಲ್ಲಿ ಕಾಂಪೌಂಡರ್ ಆಗಿದ್ದವರು ಎರಡು ಬೀದಿ ಆಚೆ ಮೆಡಿಕಲ್ ಸ್ಟೋರ್ ಇಟ್ಟಿದ್ದಾರೆ ಎಂದು ತಿಳಿಯಿತು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಮಗಳ ಜಾತಕದ ಮಾತನ್ನು ಬೀದಿಯಲ್ಲಿ ಹೇಗೆ ಆಡುವುದೆಂದು ನಾಚಿ, ಅಣ್ಣ ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದ.

"ಒಸಿ ಮೂಲದ ವಿಚಾರವಾಗಿ ಬಂದಿದ್ದೆ."

"ನಾಚ್ಕೊಬ್ಯಾಡಿ, ಎಲ್ಲರಿಗೂ ಇರೋದೇಯ. ಎಷ್ಟ್ ದಿನದಿಂದ ಐತೆ?" ಎಂದರು ಅಂಗಡಿಯವರು.

"ಇಪ್ಪತ್ತಾರು ವರ್ಷದಿಂದ."

"ಇಪ್ಪತ್ತಾರು ವರ್ಷ! ರಕ್ತ ಬೀಳ್ತದಾ?"

"ನಂಗಲ್ಲ, ನನ್ ಮಗಳ್ಗೆ. ಹುಟ್ಟಿದಾಗಿಂದ."

ಅವರು ಮುಲಾಮಿನ ಟ್ಯೂಬನ್ನು ತೆಗೆದು ಕೌಂಟರಿನ ಮೇಲೆ ಇಟ್ಟು, ಇದು ಮುಲಾಮಿಗೆಲ್ಲ ಬಗ್ಗುವ ಕೇಸಲ್ಲ, ಆಪರೇಷನ್ನೇ ಆಗಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಗ ನಾನು ಮುಂದೆ ಬಂದು, "ಇದು ಮೂಲವ್ಯಾಧಿ ಅಲ್ಲ ಸ್ವಾಮಿ, ಮೂಲಾ ನಕ್ಷತ್ರ" ಎಂದು ಕ್ಲಾಸಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು, ಅಯ್ಯೋ ಪಾಪ, ಅದಕ್ಕಿಂತ ಮೂಲವ್ಯಾಧಿಯೇ ವಾಸಿ ಎಂದಳು.

ರಿಜಿಸ್ಟರುಗಳಿಗೆ ಗೆದ್ದಲು ಹಿಡಿದು ಎಂದೋ ಸುಟ್ಟುಹಾಕಿದರಂತೆ. ಆದರೆ ಆ ಕಾಲದಲ್ಲಿ ಹೆರಿಗೆ ವಾರ್ಡಿನಲ್ಲಿದ್ದ ಆಯಾ ಕೆಂಪಮ್ಮ ಇನ್ನೂ ಇದ್ದಾಳೆ, ಮಾಗಡಿ ಹತ್ತಿರ ಕಲ್ಯದಲ್ಲಿ ಮಗಳ ಮನೆಯಲ್ಲಿ, ನೆನಪು ಚುರುಕಾಗಿದೆ ಎಂದು ಅಂಗಡಿಯವರು ಹೇಳಿದರು. ಅವರ ಬಳಿ ಫೋನ್ ನಂಬರ್ ಇರಲಿಲ್ಲ. ಅಣ್ಣ ಹೊರಡುವಾಗ ದಾಕ್ಷಿಣ್ಯಕ್ಕೆ ಆ ಟ್ಯೂಬನ್ನು ಕೊಂಡುಕೊಂಡ. ಯಾಕೆಂದು ನಾನು ಕೇಳಲಿಲ್ಲ.

ಆ ಸಂಜೆ ಅಣ್ಣನ ಮನೆಯ ತಾರಸಿ ಹತ್ತಿದೆ. ಮೋಡ, ಬೀದಿದೀಪ, ಪಕ್ಕದ ಕಲ್ಯಾಣಮಂಟಪದ ಬಣ್ಣಬಣ್ಣದ ಸರ. ಆಗ್ನೇಯದಲ್ಲಿ ಚೇಳಿರಲಿ, ಒಂದು ಇರುವೆಯೂ ಕಾಣಲಿಲ್ಲ. ಕೆಳಗಿಳಿದು ಬಂದು ಮುದ್ದೆ, ಅವರೆಕಾಳು ಸಾರು ಉಂಡು ಮಲಗಿದೆ.

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಮಾಗಡಿ ಬಸ್ಸು. ಮೂವತ್ತೈದು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು. ಡ್ರೈವರ್ ಎರಡು ಕಡೆ ಬಸ್ ನಿಲ್ಲಿಸಿ ಬಂಧುಬಳಗವನ್ನು ಮಾತಾಡಿಸಿದ. ಮಾಗಡಿಯಲ್ಲಿ ಇಡ್ಲಿ ತಿಂದು ಕಲ್ಯಕ್ಕೆ ಆಟೊ ಹಿಡಿದೆವು. ಹೋಗಿ ಬರಲು, ಕಾಯಲು ಸೇರಿ ಮುನ್ನೂರು ರೂಪಾಯಿ. ಬಂಡೆಗಳ ಮಧ್ಯದ ಆ ದಾರಿಯಲ್ಲಿ ಆಟೊದವನು ಕಲ್ಲೆತ್ತಿದಲ್ಲೆಲ್ಲ ಚೇಳು ಸಿಗುತ್ತದೆ ಎಂದು ಹೆಮ್ಮೆಯಿಂದ ಹೇಳಿದ. ನನಗೆ ಬೇಕಾದದ್ದು ಕಲ್ಲಿನ ಕೆಳಗಿನದಲ್ಲ.

ಕೆಂಪಮ್ಮನಿಗೆ ಎಪ್ಪತ್ತು ದಾಟಿದೆ. ಜಗಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದವಳು ನಮ್ಮನ್ನು ಕೂರಿಸಿ, ಕೇಳದೆಯೇ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತರಿಸಿದಳು. ಅಣ್ಣ ತಾರೀಕು, ವಾರ, ಹೆಂಡತಿಯ ಹೆಸರು, ಅಂದು ಬಿದ್ದ ಮಳೆ ಎಲ್ಲವನ್ನೂ ಹೇಳಿ, ಮಗು ನೆನಪಿದೆಯೇ ಎಂದು ಅಂಗಲಾಚಿದ.

"ಸಾವಿರಾರ್ ಮಕ್ಳ ಹಿಡ್ದಿವ್ನಿ ಕಣಪ್ಪ. ಮಕ್ಳು ಗ್ಯಾಪ್ಕ ಇಲ್ಲ, ಗಡಿಯಾರ ಗ್ಯಾಪ್ಕ ಐತೆ."

"ಗಡಿಯಾರಾನಾ?"

"ನಮ್ ಡಾಕ್ಟ್ರಮ್ಮ ವಾರ್ಡ್ ಗಡಿಯಾರಾನ ಹತ್ ನಿಮ್ಸ ಮುಂದಕ್ಕೆ ಮಡಗಿದ್ರು. ನೈಟ್ ಡ್ಯೂಟಿಯೋರು ಸರ್ಯಾಗಿ ಬರ್ಲಿ ಅಂತವ. ಮುಚ್ಚೋಗಂಟಾ ಹಂಗೇ ಇತ್ತು."

ಅಣ್ಣ ರೊಟ್ಟಿ ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತ. ಗೋಡೆಯ ಗಡಿಯಾರದಲ್ಲಿ ಏಳು ಐವತ್ತು ಎಂದರೆ ನಿಜವಾಗಿ ಏಳು ನಲವತ್ತು. ಏಳು ನಲವತ್ತು ಎಂದರೆ ಜ್ಯೇಷ್ಠಾ! ಮಗಳು ಈಗಷ್ಟೇ ಹುಟ್ಟಿದಳೇನೋ ಎನ್ನುವಂತೆ ಅವನ ಕಣ್ಣಲ್ಲಿ ನೀರು ಬಂತು. ಕೂಡಲೇ ಫೋನು ತೆಗೆದು, ಇದನ್ನೇ ಇನ್ನೊಮ್ಮೆ ಹೇಳವ್ವ ಎಂದು ವಿಡಿಯೊ ಮಾಡಿಕೊಳ್ಳಲು ಶುರುಮಾಡಿದ. ನನಗೆ ಸುಮ್ಮನಿರಲು ಆಗಲಿಲ್ಲ. ಗಡಿಯಾರ ಮುಂದಿದೆ ಎಂಬುದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತಲ್ಲ, ಹೊತ್ತು ಬರೆದವರು ಆ ಹತ್ತು ನಿಮಿಷ ಕಳೆದು ಬರೆದರೋ, ಗಡಿಯಾರದಲ್ಲಿದ್ದಂತೆಯೇ ಬರೆದರೋ ಎಂದು ಕೇಳಿದೆ.

"ಕೆಲವ್ರು ಕಳ್ದು ಬರೀತಿದ್ರು ಕಣವ್ವಾ, ಕೆಲವ್ರು ಹಂಗೇ ಬರೀತಿದ್ರು" ಎಂದಳು ಕೆಂಪಮ್ಮ.

ಅಷ್ಟರಲ್ಲಿ ಅಣ್ಣ ವಿಡಿಯೊ ನಿಲ್ಲಿಸಿದ್ದ. "ನಿನ್ನ ಯಾರ್ ಕೇಳಿದ್ರು ಸರೋಜಿ? ಪ್ರಶ್ನೆ ಕೇಳೋದು ನಿಂಗ್ ಒಂದ್ ಚಟ ಆಗ್ಬುಟ್ಟದೆ" ಎಂದು ಆಟೊದಲ್ಲಿ ಉದ್ದಕ್ಕೂ ಬೈದ. ಕಳೆಯಬೇಕೋ ಬೇಡವೋ ಎಂದು ತಿಳಿಯದ ಲೆಕ್ಕಕ್ಕೆ ಉತ್ತರವಿಲ್ಲ ಎಂದು ನಾನೂ ಉದ್ದಕ್ಕೂ ಹೇಳಿದೆ. ಪವಿತ್ರ ಊಟದ ವಿರಾಮದಲ್ಲಿ ಫೋನ್ ಮಾಡಿ, "ಅತ್ತೆ, ಹುಟ್ಟಿದ್ನೋ ಇಲ್ವೋ ನಾನು?" ಎಂದಳು.

ಮಾಗಡಿಯಿಂದ ಮತ್ತೆ ರಾಮನಗರ, ಅಲ್ಲಿಂದ ಕನಕಪುರ, ಕನಕಪುರದಿಂದ ಕೋಡಿಹಳ್ಳಿ. ಮೂರು ಬಸ್ಸು, ಎರಡು ಕಡೆ ಕಾದದ್ದೇ ಎರಡು ಗಂಟೆ. ಕನಕಪುರದ ನಿಲ್ದಾಣದಲ್ಲಿ ಬೋರ್ಡಿಲ್ಲದ ಬಸ್ಸಿಗೆ ಜನ ನುಗ್ಗುತ್ತಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ಕಂಡಕ್ಟರನ್ನು ಕೇಳಿದರೆ, "ನೀವ್ ಎಲ್ಲಿಗೆ ವೋಗ್ಬೇಕು ಏಳಿ" ಎಂದ. ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕೋಡಿಹಳ್ಳಿಯಲ್ಲಿ ಇಳಿದಾಗ ಸಂಜೆ ಆರೂವರೆ. ಪಡುವಣದಲ್ಲಿ ಮೋಡ ಇತ್ತು, ಆಗ್ನೇಯ ಶುಭ್ರವಾಗಿತ್ತು. ಬೆಳಗಿನಿಂದ ಮೊದಲ ಸಲ ನನ್ನ ಮನಸ್ಸು ಹಗುರವಾಯಿತು.

ಮರಿಮಾದಪ್ಪನವರ ಮನೆ ಊರಾಚೆ, ಹೊಲದ ಅಂಚಿಗೆ. ಅಂಗಳದಲ್ಲಿ ಎರಡು ಹಸು, ಜಗಲಿಯ ಮಂಚದ ಮೇಲೆ ಅವರ ತಂದೆ. ತೊಂಬತ್ತು ದಾಟಿದ ಮುದುಕ, ಕಿವಿ ಮಂದ, ಗಳಿಗೆಗೊಮ್ಮೆ ಕೆಮ್ಮುತ್ತಿದ್ದರು. ಮಂಜುನಾಥ ಪಾಳಿಗೆ ಹೋಗಿದ್ದ. ಮರಿಮಾದಪ್ಪನವರ ಹೆಂಡತಿ ಚಿಕ್ಕತಾಯಮ್ಮ ಕಾಫಿ ತಂದಿಟ್ಟು, ಮಾತಿಲ್ಲದೆ ಬಾಗಿಲಲ್ಲಿ ನಿಂತರು. ಪಕ್ಕದ ಮನೆಯ ಕುಮಾರ, ಮರಿಮಾದಪ್ಪನವರ ಅಣ್ಣನ ಮಗ, ನಲವತ್ತರ ಆಸುಪಾಸಿನವನು, ತಾನೂ ಬಂದು ಕೂತು ಕಾಫಿ ತೆಗೆದುಕೊಂಡ.

ಮರಿಮಾದಪ್ಪ ಕನ್ನಡಕ ಹಾಕಿಕೊಂಡು ಕೆಂಪಮ್ಮನ ವಿಡಿಯೊವನ್ನು ಎರಡು ಸಲ ನೋಡಿದರು. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಉಸಿರು ಬಿಟ್ಟು, "ಹಂಗಾದ್ರೆ ಜ್ಯೇಷ್ಠಾನೇ ಬುಡಿ. ನಂಗೇನ್ ಭಯ ಇತ್ತು ಅಂತಲ್ಲ ಮೇಡಂ. ನೋಡ್ಕೊಂಡ್ ಮಾಡೋದು ಒಳ್ಳೇದು ಅಂತ, ಅಷ್ಟೇಯ" ಎಂದರು. ಅಣ್ಣ ಕೈ ಮುಗಿದ. ಎಲೆ ಅಡಿಕೆ ತಟ್ಟೆ ತರಲು ಚಿಕ್ಕತಾಯಮ್ಮ ಒಳಗೆ ತಿರುಗಿದರು. ಆಗ ಕುಮಾರ ಕಾಫಿ ಲೋಟ ಕೆಳಗಿಟ್ಟ.

"ಚಿಕ್ಕಪ್ಪ, ಜ್ಯೇಷ್ಠಾ ಅಂದ್ರೆ ಭಾವನಿಗಲ್ವಾ?"

"ಹೂಂ ಕಣ್ಲಾ. ಭಾವ ಇಲ್ವಲ್ಲ. ಮಂಜುನೇ ದೊಡ್ಡೋನು."

"ಆ ಹುಡ್ಗಿ ಬಂದ್ರೆ ನನ್ನ ಏನಂತ ಕರೀತಾಳೆ?"

ದೊಡ್ಡಪ್ಪನ ಮಗ ಅಣ್ಣನೇ. ಗಂಡನ ಅಣ್ಣ ಭಾವನೇ. ಮಂಗಳೂರಿನಿಂದ ಮಾಗಡಿವರೆಗೆ ಯಾರನ್ನು ಕೇಳಿದರೂ ಈ ಲೆಕ್ಕ ತಪ್ಪುವುದಿಲ್ಲ. ಎರಡು ದಿನ, ನಾಲ್ಕು ತಾಲ್ಲೂಕು ಸುತ್ತಿ ನಾವು ಮಾವನ ತಲೆಯ ಮೇಲಿನ ಕೇಡನ್ನು ಇಳಿಸಿ, ಅಲ್ಲೇ ಕಾಫಿ ಕುಡಿಯುತ್ತಿದ್ದ ಭಾವನ ತಲೆಯ ಮೇಲೆ ಹೊರಿಸಿದ್ದೆವು.

"ಲೇ, ನೀನ್ ಅಣ್ಣನ ಮಗ ಕಣ್ಲಾ, ಅವ್ನ ಒಡಹುಟ್ದೋನಲ್ಲ" ಎಂದರು ಮರಿಮಾದಪ್ಪ.

"ಮೊನ್ನೆ ನನ್ ಬೋರ್‌ವೆಲ್ ನೀರು ಬೇಕಾದಾಗ ಮಂಜು ಬ್ಯಾರೆ ನೀನ್ ಬ್ಯಾರೇನಾ ಅಂದ್ರಲ್ಲ? ನಿಮ್ಗ್ ಬ್ಯಾಡ್ದಿದ್ದ ಗಂಡಾಂತರ ನಂಗ್ಯಾಕ್ ಚಿಕ್ಕಪ್ಪ? ನಂಗಿನ್ನೂ ಸಣ್ ಸಣ್ ಮಕ್ಳವೆ."

ಅಣ್ಣ ಗಾಬರಿಯಿಂದ, "ಹಂಗಾದ್ರೆ ಏಳು ಐವತ್ತೇ ಇರ್ಲಿ. ಕಳ್ದು ಬರ್ದಿದ್ರೂ ಬರ್ದಿರಬೌದು ಅಂತ ಆವಮ್ಮ ಹೇಳ್ತು" ಎಂದು ತಾನೇ ನಿಲ್ಲಿಸಿದ್ದ ವಿಡಿಯೊದ ಆಚೆಯ ಮಾತನ್ನು ತಾನೇ ತೆಗೆದ. ಬ್ಯಾಡ ಬ್ಯಾಡ ಎಂದು ಮರಿಮಾದಪ್ಪ ಎರಡೂ ಕೈ ಅಡ್ಡ ಹಿಡಿದರು. ಹುಡುಗಿಯ ಹುಟ್ಟನ್ನು ಮೂವರು ಗಂಡಸರು ಸೇರಿ ಸಂತೆಯ ಮಾಲಿನಂತೆ ಹತ್ತು ನಿಮಿಷ ಆ ಕಡೆಗೆ, ಹತ್ತು ನಿಮಿಷ ಈ ಕಡೆಗೆ ಎಳೆದಾಡಿದರು. ಮುಕ್ಕಾಲು ಗಂಟೆ ಇದೇ ನಡೆಯಿತು. ಎಂಟರ ಹೊತ್ತಿಗೆ ಕರೆಂಟು ಹೋಯಿತು. ವಿದ್ಯುತ್ತಿನವರಿಗೆ ನಾನು ಜೀವಮಾನದಲ್ಲಿ ಮೊದಲ ಸಲ ಕೃತಜ್ಞಳಾದೆ.

"ಏಳಿ ಎಲ್ಲ. ನೀವು ಹೆದರ್ತಿರೋದು ಯಾವುದಕ್ಕೆ ಅಂತ ಕಣ್ಣಲ್ಲಾದ್ರೂ ನೋಡಿ" ಎಂದು ಮೂವರನ್ನೂ ಅಂಗಳಕ್ಕೆ ಎಬ್ಬಿಸಿದೆ.

ಅಬ್ಬಾ, ಅದು ಅಲ್ಲಿತ್ತು. ಗುಡ್ಡದ ಮೇಲೆ, ಆಗ್ನೇಯದಲ್ಲಿ, ತಲೆ ಮೇಲೆತ್ತಿ, ಎದೆಯಲ್ಲಿ ಕೆಂಪು ಚುಕ್ಕೆ ಇಟ್ಟುಕೊಂಡು, ಬಾಲವನ್ನು ಕೆಳಗಿಳಿಸಿ ಎಡಕ್ಕೆ ಕೊಂಕಿಸಿ, ಇಡೀ ಚೇಳು. ಒಂದು ಗೆಣ್ಣೂ ತಪ್ಪದಂತೆ ಕಂಡಿತು. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಈಗ ಕಣ್ಣಾರೆ ನೋಡುತ್ತಿದ್ದೆ. ಆ ಸಂತೋಷದಲ್ಲೇ ವಿವರಿಸಿದೆ. ಆ ಕೆಂಪು ಚುಕ್ಕೆಯೇ ಜ್ಯೇಷ್ಠಾ, ಬಾಲದ ತುದಿಯ ಆ ಜೋಡಿ ಚುಕ್ಕೆ ಮೂಲಾದ್ದು, ಎರಡೂ ಒಂದೇ ಚೇಳಿನ ಮೈಮೇಲಿವೆ. ಅವುಗಳಿಂದ ನಮಗೆ ಬೆಳಕು ಬರಲು ನೂರಾರು ವರ್ಷ ಬೇಕು. ಎಂಟು ನಿಮಿಷಕ್ಕೆಲ್ಲ ಅವು ಯಾರ ಜುಟ್ಟನ್ನೂ ಹಿಡಿಯುವುದಿಲ್ಲ ಎಂದೆ.

ಮರಿಮಾದಪ್ಪ ಬಹಳ ಹೊತ್ತು ನೋಡಿದರು. "ನಿಜ್ವಾಗ್ಲೂ ಚೇಳೇ ಐತಲ್ಲ ಮೇಡಂ! ನಾನು ಬರೀ ಹೆಸ್ರು ಅಂದ್ಕೊಂಡಿದ್ದೆ." ಆಮೇಲೆ ದನಿ ತಗ್ಗಿತು. "ಮೂಲಾ ಕೊಂಡೀಲೇ ಐತೆ. ವಿಷ ಇರೋದೇ ಅಲ್ಲಿ ಅಲ್ವರಾ?"

ತಲೆ ಚಚ್ಚಿಕೊಳ್ಳಬೇಕು ಎನಿಸಿತು. ನಿನ್ನೆಯವರೆಗೆ ಪಂಚಾಂಗದಲ್ಲಿ ಬರೀ ಅಕ್ಷರವಾಗಿದ್ದ ಭಯಕ್ಕೆ ನಾನೇ ಕೊಂಡಿ ಹಚ್ಚಿ ತೋರಿಸಿದ್ದೆ. "ನಿನ್ನ ಪಾಠ ಸಾಕು ನಿಲ್ಸವ್ವ" ಎಂದು ಅಣ್ಣ ಅಳುವ ದನಿಯಲ್ಲಿ ಹೇಳಿದ. ಕುಮಾರ ಆಗಲೇ ಎದೆಯ ಚುಕ್ಕೆಯೂ ಕೆಂಪಗಿದೆ, ರಕ್ತದಂತಿದೆ ಎಂದು ಶುರುಮಾಡಿದ್ದ.

"ನಂದೂ ಮೂಲಾನೇ."

ಹೇಳಿದವರು ಚಿಕ್ಕತಾಯಮ್ಮ. ಬಾಗಿಲಲ್ಲಿ ಸೀಮೆಎಣ್ಣೆ ಬುಡ್ಡಿ ಹಿಡಿದು ನಿಂತಿದ್ದರು. ನಾವು ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

"ನಿಂದು ಅನೂರಾಧ ಅಲ್ವೇನೇ?" ಎಂದರು ಮರಿಮಾದಪ್ಪ.

"ಅನೂರಾಧ ನಮ್ಮಪ್ಪ ಬರ್ಸಿದ್ದು. ನಂಗ್ ಬಂದ ಗಂಡೆಲ್ಲ ವಾಪಸ್ ವೋಗ್ತಿದ್ವು ಅಂತವ ಜಾತ್ಕದಲ್ಲಿ ಎರಡ್ ದಿವ್ಸ ಮುಂಚೆ ಹುಟ್ಸುಬುಟ್ರು. ನಾನ್ ಹುಟ್ಟಿದ್ದು ಮೂಲಾದಲ್ಲೇಯ."

"ಮತ್ತೆ ದಿನಾ ಬೆಳಿಗ್ಗೆ ಟೀವೀಲಿ ವೃಶ್ಚಿಕ ರಾಶಿ ನೋಡಿ ನಿಂಗ್ ಹೇಳ್ತಿದ್ನಲ್ಲೇ? ಇವತ್ ಪ್ರಯಾಣ ಬ್ಯಾಡ, ಇವತ್ ಬೆಂಕಿ ತಾವ ಹುಷಾರು ಅಂತ?"

"ನೀವ್ ಹೇಳ್ತಿದ್ರಿ, ನಾನ್ ಹೂಂ ಅಂತಿದ್ದೆ." ಅವರು ಬುಡ್ಡಿಯನ್ನು ಜಗಲಿಯ ಕಡೆ ಎತ್ತಿ ಹಿಡಿದರು. "ನನ್ ಮಾವ ಅಲ್ಲವ್ರೆ ನೋಡಿ. ಮೂವತ್ತೊಂದ್ ವರ್ಷ ಆಯ್ತು ನಾನ್ ಈ ಮನೇಗ್ ಬಂದು. ಈಗ್ತಾನೆ ಎರಡ್ ಮುದ್ದೆ ಉಂಡವ್ರೆ."

ಎಲ್ಲರೂ ಮಂಚದ ಕಡೆ ತಿರುಗಿದೆವು. ಬೆಳಕು ಮುಖದ ಮೇಲೆ ಬಿದ್ದದ್ದಕ್ಕೆ ಮುದುಕ ಕಣ್ಣು ಕಿರಿದು ಮಾಡಿ, "ಯಾರ್ಲಾ ಸತ್ತೋದ್ರು?" ಎಂದು ಕೂಗಿದರು.

"ಯಾರೂ ಸತ್ತಿಲ್ಲ ತಾತ" ಎಂದ ಕುಮಾರ.

"ಮತ್ಯಾಕ್ ಎಲ್ಲ ಅಂಗ್ಳದಲ್ಲಿ ನಿಂತಿದ್ದೀರಿ?"

ಮರಿಮಾದಪ್ಪ ಕಲ್ಲು ಚಪ್ಪಡಿಯ ಮೇಲೆ ಕೂತು ತಂದೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ಸಿಟ್ಟು ಬರಬಹುದು ಎಂದು ನಾನು ಕಾದೆ. ಬರಲಿಲ್ಲ. ಕೊನೆಗೆ ಅವರು ಬಾಯಿ ಬಿಟ್ಟು, "ಹಂಗಾದ್ರೆ ಏಳು ಐವತ್ತೇ ಇರ್ಲಿ ಬುಡಿ ಶಿವಲಿಂಗಣ್ಣ. ಮೂಲಾ ನಮ್ ಮನೇಗ್ ಆಗ್ತದೆ" ಎಂದರು. ಮೂಲಾ ಸುಳ್ಳು ಎಂದಲ್ಲ, ನಮ್ಮ ಮನೆಗೆ ಆಗುತ್ತದೆ! ಮೂವತ್ತೆರಡು ವರ್ಷದ ವಿಜ್ಞಾನ ಪಾಠಕ್ಕೆ ಸಿಕ್ಕ ಫಲ ಇಷ್ಟು. ಆದರೂ ಎಲೆ ಅಡಿಕೆ ತಟ್ಟೆ ಬಂತು, ಕುಮಾರನೇ ಓಡಿಹೋಗಿ ಸಕ್ಕರೆ ತಂದ. ಶ್ರಾವಣದಲ್ಲಿ ಮದುವೆ ಎಂದು ಮಾತಾಯಿತು. ಅಣ್ಣ ಪವಿತ್ರಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. "ಹುಟ್ಟಿದ್ದೀಯಮ್ಮ, ಖಾತ್ರಿಯಾಯಿತು" ಎಂದೆ. ಆ ಕಡೆ ಅವಳು ಈಗ ಅತ್ತಳು. ನಾನು ಗದರಿಸಲಿಲ್ಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಚನ್ನಪಟ್ಟಣವೇನು, ಕಲ್ಯವೇನು, ಗೆದ್ದಲು, ಗಡಿಯಾರ, ಮುಲಾಮು! ಬೇಕಾದದ್ದು ಈ ಮನೆಯ ಅಡಿಗೆಮನೆಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಕನಕಪುರ, ರಾಮನಗರ, ಮಧ್ಯಾಹ್ನದ ರೈಲಿಗೆ ಮೈಸೂರು ಸೇರಿದೆ. ರೈಲು ಆ ದಿನವೂ ತಡವಾಯಿತು. ವಾಪಸಾದ ದಾರಿಯ ಬಗ್ಗೆ ಬರೆಯುವಂಥದ್ದು ಬೇರೇನಿಲ್ಲ. ಬರೆಯಬೇಕಾದದ್ದು ಉಳಿದಿರುವುದು ಹಿಂದಿನ ರಾತ್ರಿಯದು.

ಊಟವಾಗಿ ಗಂಡಸರು ಒಳಗೆ ಹಾಸಿಗೆ ಬಿಡಿಸುತ್ತಿದ್ದರು. ನಾನು ದುರ್ಬೀನು ಹಿಡಿದು ಮತ್ತೆ ಅಂಗಳಕ್ಕೆ ಬಂದೆ. ಚೇಳು ಇನ್ನಷ್ಟು ಮೇಲೇರಿತ್ತು. ಹಿಂದೆಯೇ ಚಿಕ್ಕತಾಯಮ್ಮ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತರು.

"ಅಕ್ಕ, ನಂದು ಯಾವ್ದು ತೋರ್ಸಿ."

ದುರ್ಬೀನನ್ನು ಅವರ ಕಣ್ಣಿಗೆ ಹೊಂದಿಸಿ, ಕೆಂಪು ಚುಕ್ಕೆಯಿಂದ ಬಾಲದ ಗೆಣ್ಣುಗಳ ಮೇಲೆ ಇಳಿಸುತ್ತ ಆ ಜೋಡಿ ಚುಕ್ಕೆಯ ಹತ್ತಿರ ನಿಲ್ಲಿಸಿದೆ.

"ಇಷ್ಟೇಯಾ?" ಎಂದರು.

ಇಷ್ಟೇ ಎಂದೆ.

"ನಾನ್ ಬಂದ ವರ್ಷಾನೇ ಮಾವಂಗೆ ಕಾಮಾಲೆ ಆಯ್ತು. ಒಂಬತ್ ದಿವ್ಸ ನೀರ್ ಬುಟ್ರೆ ಏನೂ ಮುಟ್ಟಿಲ್ಲ ನಾನು. ಎಂಥಾ ಸೊಸೆ ತಂದ್ಯಪ್ಪ ಅಂತ ಊರೋರೆಲ್ಲ ಹೊಗಳೋರು." ಅವರು ದುರ್ಬೀನು ಇಳಿಸಲಿಲ್ಲ. "ಅವತ್ತಿಂದ ಅವ್ರು ಕೆಮ್ಮಿದ್ರೆ ಸಾಕು, ನಂಗೆ ಎದೆ ಧಸಕ್ ಅಂತದೆ. ರಾತ್ರಿ ಎದ್ದೆದ್ದು ಉಸ್ರು ನೋಡ್ತೀನಿ. ಯಾರ್ಗೂ ಹೇಳಂಗಿಲ್ಲ. ಇವತ್ ಅವ್ರೆಲ್ಲ ಮಾತಾಡೋದ ಕೇಳ್ತಾ ಕೇಳ್ತಾ, ಆ ಹುಡ್ಗೀನೂ ಬಂದು ನಮ್ಮನೇವ್ರ ಕೆಮ್ಮ ಎಣಿಸ್ಕಂಡ್ ಕುಂತ್ಕಬೇಕಾ ಅನ್ನುಸ್ತು."

ಆ ಹೆಂಗಸಿನ ಮೂವತ್ತೊಂದು ವರ್ಷವನ್ನು ಕಸಿದುಕೊಂಡ ಎಲ್ಲರ ಮೇಲೆ ನನಗೆ ಬಂದ ಸಿಟ್ಟು ಎರಡು ದಿನದ ಬಸ್ಸು, ರೈಲುಗಳ ಮೇಲೆ ಬಂದ ಸಿಟ್ಟಿನಂಥದ್ದಲ್ಲ.

ಜಗಲಿಯ ಮೇಲೆ ಮುದುಕ ಕೆಮ್ಮಿದರು. ಒಣಕೆಮ್ಮು, ಒಂದರ ಹಿಂದೆ ಒಂದು. ಚಿಕ್ಕತಾಯಮ್ಮ ದುರ್ಬೀನು ಇಳಿಸಿ ಎರಡು ಹೆಜ್ಜೆ ಇಟ್ಟೇಬಿಟ್ಟರು. ಮೂರನೆಯದಕ್ಕೆ ನಿಂತರು.

"ಕೆಮ್ಲಿ ಬುಡಿ, ತೊಂಬತ್ತಾಯ್ತು" ಎಂದು ವಾಪಸು ಬಂದು, "ಎಲ್ಲಿ ಅಕ್ಕ, ಇನ್ನೊಂದ್ ಕಿತ ತೋರ್ಸಿ" ಎಂದು ದುರ್ಬೀನನ್ನು ಮತ್ತೆ ಕಣ್ಣಿಗಿಟ್ಟುಕೊಂಡರು.